ಎಲ್ಲ ಕಾಲದ ಹೂದಾನಿ

ಶಹಾಬಾದಿನಲ್ಲಿರುವ ನಮ್ಮ ಮಾಮಾನ ಮನೆಗೆ ಕರೆಂಟಿನ ಮೀಟರ್ ಓದುವವರು ಕೂಡ ಒಳಗೆ ಬರುವುದಿಲ್ಲ. ಕಾಂಪೌಂಡಿನ ಆಚೆಯಿಂದಲೇ ಕತ್ತು ಉದ್ದ ಮಾಡಿ ಓದಿಕೊಂಡು ಓಡುತ್ತಾರೆ! ನಾಯಿಯ ಭಯವೇ? ಅಲ್ಲ. ಮಾಮಾನ ಭಯ! ಸಿಕ್ಕವರನ್ನೆಲ್ಲ ಗೋಡೆಯ ಹಳೆಯ ಕ್ಯಾಲೆಂಡರಿನ ಮುಂದೆ ಕೂರಿಸಿಬಿಡುತ್ತಾರೆ. ಅದರಲ್ಲೊಂದು ಹಾಲೆಂಡಿನ ಚಿತ್ರ: ಹೂದಾನಿ, ತುಂಬ ಹೂವು.

"ನೋಡ್ರಿ, ಈ ಹೂವೆಲ್ಲ ಒಂದೇ ಕಾಲಕ್ಕ ಅರಳೂವಲ್ಲ! ಒಂದೊಂದಕ್ಕೂ ಕಾದು ಕುಂತು ಚಿತ್ರ ತೆಗದಾರ."

ಮಾಮಾ ನಿವೃತ್ತ ಡ್ರಾಯಿಂಗ್ ಮಾಸ್ತರು. ಮದುವೆಯಾಗಲಿಲ್ಲ. ಒಮ್ಮೆ ನನ್ನವ್ವ, "ಅಣ್ಣಾ, ಹೂವಿನ ಹುಚ್ಚು ಬಿಟ್ಟು ದೇವರ ಚಿತ್ರ ತೆಗಿ. ನಾಕ್ ಮಂದಿ ಕೈ ಮುಗೀತಾರ" ಎಂದಳು.

"ಯುರೋಪಿನ ಪಂಡಿತರೂ ಹಿಂಗೇ ಅಂದಿದ್ರವಾ! ದೇವರು, ರಾಜರ ಚಿತ್ರ ಮೊದಲ ಸಾಲಿಗಿ, ಹೂವಿನ ಚಿತ್ರ ಕಟ್ಟಕಡೀಗಿ!"

"ಭಾಳ ಶ್ಯಾಣ್ಯಾರಿದ್ರು ಬಿಡು!"

ಆ ಸಿಟ್ಟಿಗೇ ಮಾಮಾ ತಾವೂ ಒಂದು ಹೂದಾನಿ ಬರೆಯಲು ಕುಳಿತರು. ನಮ್ಮ ಸೀಮೆಯ ಹೂವೇ ಆಗಬೇಕು, ಅದೂ ಕಣ್ಣೆದುರಿಗೇ ಇರಬೇಕು! ಆಡಕಿಯಿಂದ ಹಳೆಯ ವಿದ್ಯಾರ್ಥಿನಿಯೊಬ್ಬಳು ಕುಸುಬೆಯ ಹೂವು ತಂದುಕೊಟ್ಟಳು. ಚಿಂಚೋಳಿಯ ಕಂಡಕ್ಟರ್ ಟಿಕೆಟ್ ಚೀಲದಲ್ಲಿ ಮುತ್ತುಗ ತಂದ. ಚಿತ್ತಾಪುರದ ಗೆಳೆಯರು ತಂದ ತೊಗರಿ ಹೂವು ದಾರಿಯಲ್ಲೇ ಬಾಡಿತ್ತು. ಮಾಮಾ ಅವರಿಗೆ ಚಹಾ ಕೊಟ್ಟು, ಬೈದು, ಮತ್ತೆ ತರಲು ಕಳಿಸಿದರು!

ಹೋದ ತಿಂಗಳು ಸೇಡಂನಿಂದ ನಾನು ಹೋದೆ. ಚಿತ್ರ ಬಹುತೇಕ ಆಗಿತ್ತು. ನಡುವೆ ಮಾತ್ರ ಅಂಗೈಯಷ್ಟು ಬಿಳಿ ಜಾಗ.

"ಇಲ್ಲೇನು ಬಿಟ್ಟೀರಿ ಮಾಮಾ?"

"ಒಂದು ಹೂವು ಬಾಕಿ ಅದ."

"ಯಾವ್ದು?"

"ಇನ್ನೂ ತಿಳೀವಲ್ದು."

"ಒಂದು ಗುಲಾಬಿ ತೆಗದು ಮುಗಿಸಿಬಿಡ್ರಿ!" ಎಂದು ನಕ್ಕೆ.

ಮಾಮಾ ನಗಲಿಲ್ಲ. ಕುಂಚವನ್ನು ಬಟ್ಟೆಗೆ ಒರೆಸುತ್ತ ಮೆಲ್ಲಗೆ ಕೇಳಿದರು: "ಮುಗಿಸಿದ್ನೆಂದ್ರ, ಆಮ್ಯಾಲ ಹೂವು ತಗೊಂಡು ಯಾರು ಬರ್ತಾರವಾ?"



ಮುಂದಿನ ಭಾನುವಾರ ನಮ್ಮ ಹಿತ್ತಲಿನ ಕಣಗಿಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದೆ. ಮಾಮಾ ಅದನ್ನು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಬಹಳ ಹೊತ್ತು ನೋಡಿದರು.

"ಬಣ್ಣ ಹೊಂದಂಗಿಲ್ಲವಾ" ಎಂದರು. ಒಲೆಯ ಮೇಲೆ ಚಹಾಕ್ಕೆ ಇಬ್ಬರಿಗಾಗುವಷ್ಟು ನೀರಿಟ್ಟರು. "ಬರೋ ಐತಾರ ಬ್ಯಾರೇದು ತಗೊಂಡ್ ಬಾ."