ಹೆಂಡತಿ ಕೈಯ ಕಲ್ಲು ಮತ್ತು ಹ್ಯಾಂಡ್‌ಬ್ರೇಕಿನ ಸ್ಪ್ರಿಂಗು

ಹಳೇ ಕಾರು ಸಾಕಿಕೊಂಡವರಿಗೆ ಇಂಥವು ಆಗುತ್ತಲೇ ಇರುತ್ತವೆ. ಹೊಸ ಕಾರಿನವರು ಪಾಪ, ಊರಿಗೆ ಹೋಗುತ್ತಾರೆ, ಬರುತ್ತಾರೆ, ಅಷ್ಟೇ. ಹೇಳಿಕೊಳ್ಳಲು ಅವರಿಗೆ ಏನೂ ಇರುವುದಿಲ್ಲ. ನಾನು ಬೀದರಿನ ನೌಬಾದದಲ್ಲಿ ಚಿತ್ರಕಲೆಯ ಮಾಸ್ತರ. ಸೋದರಮಾವನಿಂದ ಬಂದ ಕೆನೆಬಣ್ಣದ ಕಾರೊಂದು ನನ್ನಲ್ಲಿದೆ. ವಯಸ್ಸಿನಲ್ಲಿ ನನಗಿಂತ ಹಿರಿಯದು, ಆದ್ದರಿಂದ ನಾನು ಅದರ ಮಾತು ಮೀರುವುದಿಲ್ಲ.

ಕೈ ಹಿಡಿದದ್ದು

ಹಿಂದಿನ ಗಾಲಿಗಳ ಒಳಗೆ ಹ್ಯಾಂಡ್‌ಬ್ರೇಕಿನ ಸ್ಪ್ರಿಂಗುಗಳು ಸೋತುಹೋಗಿದ್ದವು. ಬ್ರೇಕ್ ಎಳೆದರೆ ಗಾಲಿಯನ್ನು ಹಿಡಿಯುತ್ತಿತ್ತು, ಬಿಟ್ಟರೆ ಬಿಡುತ್ತಿರಲಿಲ್ಲ. ಅದನ್ನು ಹಿಂದಕ್ಕೆ ಎಳೆದುಕೊಳ್ಳಬೇಕಾದ ಸ್ಪ್ರಿಂಗಿಗೇ ತ್ರಾಣವಿರಲಿಲ್ಲ. ಗೇರಿನಲ್ಲಿ ನಿಲ್ಲಿಸಿದರೆ ಗೇರೂ ಜಾರುತ್ತಿತ್ತು. ಹೀಗಾಗಿ ಹ್ಯಾಂಡ್‌ಬ್ರೇಕ್ ಎಳೆಯುವುದನ್ನೇ ಬಿಟ್ಟು ಒಂದು ಕಲ್ಲು ಇಟ್ಟುಕೊಂಡೆವು. ಎಲ್ಲಿಗೆ ಹೋದರೂ ನಾನು ಕಾಲಿನ ಬ್ರೇಕ್ ಒತ್ತಿ ಕೂತಿರಬೇಕು, ಹೆಂಡತಿ ರೇಷ್ಮೆ ಸೀರೆಯ ನೆರಿಗೆ ಎತ್ತಿಕೊಂಡು ಮೊದಲು ಇಳಿದು ಗಾಲಿಗೆ ಕಲ್ಲು ಕೊಡಬೇಕು.

ಅವಳ ತವರು ಔರಾದ. ಮನೆಯ ಮುಂದೆಯೇ ಇಳಿಜಾರು. ಅಕ್ಕತಂಗಿಯರು ಬಾಗಿಲಲ್ಲಿ ನಿಂತು "ಕಲ್ಲ ಬಂತು, ಕಲ್ಲ ಬಂತು" ಎಂದು ನಗುತ್ತಿದ್ದರು. ಈಗ ಅವಳ ಅಣ್ಣನ ಮಗಳ ಮದುವೆ ನಿಶ್ಚಯಕ್ಕೆ ದಿನ ಗೊತ್ತಾಯಿತು. ಹೆಂಡತಿ ಹೇಳಿಬಿಟ್ಟಳು: "ಈ ಸಲ ನಾ ತವರುಮನಿ ಮುಂದ ಕೈಯಾಗ ಹೂ ಹಿಡ್ಕೊಂಡು ಇಳೀತೇನಿ. ಆಗಲ್ಲಂದ್ರ ಬಸ್ಸಿಗಿ ಹೋಗ್ತೇನಿ. ನೀವು, ನಿಮ್ಮ ಕಾರು ಕೂಡೇ ಬರ್ರಿ."

"ಇಷ್ಟು ದಿನ ನಡೀತಲ್ಲ?" ಎಂದೆ.

"ಲಗ್ನದಾಗ ನಿಮ್ಮ ಕೈ ಹಿಡ್ದಿದ್ದು ನೆಪ್ಪದ್ರಿ. ಅದ್ರ ಮ್ಯಾಲ ಬರೀ ಕಲ್ಲೇ ಹಿಡ್ದೀನಿ."

ಬೇವಿನ ನೆರಳು

ಅಂಥ ಸ್ಪ್ರಿಂಗು ಬೀದರಿನಲ್ಲಿ ಎಲ್ಲೂ ಇರಲಿಲ್ಲ. ಭಾಲ್ಕಿಯ ಗುಜರಿ ಅಂಗಡಿಯಲ್ಲಿ ಒಂದೇ ಒಂದು ಜೋಡಿ ಸಿಕ್ಕಿತು. ಅದನ್ನು ಕಿಸೆಗೆ ಹಾಕಿಕೊಂಡು ಬರುವಾಗ ಹಲಬರ್ಗಾದ ಹತ್ತಿರ ಮಧ್ಯಾಹ್ನದ ಬಿಸಿಲಿಗೆ ಕಣ್ಣು ಎಳೆಯತೊಡಗಿದವು. ಬೇವಿನ ಮರದ ಕೆಳಗೆ, ನೆಲ ಸಮ ಕಂಡಲ್ಲಿ ಕಾರು ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು, ಸೀಟಿನಲ್ಲೇ ಒರಗಿದೆ.

ಕನಸಿನಲ್ಲಿ ದೋಣಿಯಲ್ಲಿದ್ದೆ. ಸದ್ದೇ ಇಲ್ಲ. ಜೋಳದ ತೆನೆಗಳು ಒಂದೊಂದಾಗಿ ಹಿಂದೆ ಸರಿಯುತ್ತಿದ್ದವು. ಕುರಿಗಳು ನನ್ನ ಪಕ್ಕದಲ್ಲೇ ತೇಲಿಕೊಂಡು ಬರುತ್ತಿದ್ದವು. ಬೇವಿನ ಎಲೆಯ ವಾಸನೆ ಬಂದು ಹೋಗಿ ಮಾಡುತ್ತಿತ್ತು. ಅಂಥ ಸುಖ ನಾನು ಮತ್ತೆ ಕಂಡಿಲ್ಲ. ಆಗ ಕಿಟಕಿಯಲ್ಲಿ ಒಂದು ತಲೆ ಕಾಣಿಸಿತು. ಕಂಬಳಿ ಹೊದ್ದ ಕುರಿಗಾರ, ನನ್ನ ಸಮಕ್ಕೆ ನಡೆಯುತ್ತಿದ್ದ.

"ಎತ್ತಾಗ ಹೊಂಟೀರಿ?"

"ಎಲ್ಲೀ ಇಲ್ಲ, ಮಲಗೀನಿ," ಎಂದೆ ಕಣ್ಣು ಮುಚ್ಚಿಯೇ.

"ಹಂಗಾರ ಗಾಡಿಗಿ ಹೇಳ್ರಿ. ಅದು ಹೊಂಟದ."

ಎದ್ದವನೇ ಬ್ರೇಕ್ ಒತ್ತಿದೆ. ಕುರಿಮರಿ ಕಟ್ಟುವ ಗೂಟ ಬಡಿಯಲು ಅವನೇ ಗಾಲಿಯ ಕಲ್ಲು ತೆಗೆದುಕೊಂಡಿದ್ದನಂತೆ. ಪ್ರಾಮಾಣಿಕ ಮನುಷ್ಯ, ಹಿಂದಿರುಗಿಸಲು ಜೊತೆಗೇ ಬಂದಿದ್ದ. ಕಲ್ಲನ್ನು ಕಿಟಕಿಯಿಂದ ಕೊಡುತ್ತ ಹೇಳಿದ: "ಛಲೋ ಕಲ್ಲದ್ರಿ. ಕೊಡೋದಿದ್ರ ಹೇಳ್ರಿ."

ಆಕಾಶದಲ್ಲಿ

ನಿಶ್ಚಯದ ಹಿಂದಿನ ದಿನ ಬೀದರಿನ ನಮ್ಮ ಮಿಸ್ತ್ರಿ ಕಾರು ಎತ್ತಿ ಗಾಲಿ ಬಿಚ್ಚಿದರು. ನಾಲ್ಕು ಮಾತಿನಲ್ಲಿ ಮೂರು ದಖನಿ ಉರ್ದು ಆಡುವ ಹಿರಿಯರು. ಮೊದಲ ಸ್ಪ್ರಿಂಗು ಕೂತಿತು. ಎರಡನೆಯದನ್ನು ಇಕ್ಕಳದಲ್ಲಿ ಜಗ್ಗಿ ಕೊಂಡಿಗೆ ಸಿಗಿಸುವಾಗ 'ಟಣ್' ಎಂದಿತು, ಆಮೇಲೆ ಕಾಣಲಿಲ್ಲ.

ನಾಳೆ ಹೆಂಡತಿ ಬಸ್ ಹತ್ತುವುದು ಖಾತ್ರಿ.

ಮಿಸ್ತ್ರಿ ಮೇಲೆ ನೋಡುತ್ತ, "ಜರಾ ಠೈರೋ ಸಾಬ್, ತಡೀರಿ, ಬರ್ತದ," ಎಂದರು. ಇಬ್ಬರೂ ಆಕಾಶ ನೋಡುತ್ತ ನಿಂತೆವು. ನೀಲಿ ಆಕಾಶ, ಹತ್ತಿಯಂಥ ಮೋಡ. ಕುತ್ತಿಗೆ ನೋಯುತ್ತಿದ್ದರೂ ಮನಸ್ಸಿಗೆ ಹಿತವಾಗಿತ್ತು. ದಿನಾ ವಾಯುಪಡೆಯ ವಿಮಾನ ಹಾರುವ ಊರು ನಮ್ಮದು, ಇಲ್ಲಿ ಯಾರೂ ತಲೆ ಎತ್ತುವುದಿಲ್ಲ. ಆದರೆ ತಲೆ ಎತ್ತಿ ನಿಂತವರನ್ನು ಕಂಡರೆ ಎಲ್ಲರೂ ನಿಲ್ಲುತ್ತಾರೆ. ಚಹಾದವ ಬಂದ, ಹಣ್ಣಿನ ಗಾಡಿಯವ ಬಂದ, ಸಣ್ಣ ಜಾತ್ರೆಯೇ ಆಯಿತು.

"ಯಾನ್ ನೋಡ್ಲಿಕತ್ತೀರಿ?" ಎಂದು ಹಣ್ಣಿನವ ಕೇಳಿದ.

"ಸ್ಪ್ರಿಂಗು."

ಅವನು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, "ಹಾಂ, ನನಗ ಕಾಣ್ತದ," ಎಂದ.

ಮಿಸ್ತ್ರಿ ಬೀಡಿಗೆಂದು ಅಂಗಿಯ ಎದೆಜೇಬಿಗೆ ಕೈ ಹಾಕಿದರು. ಬೀಡಿಯ ಜೊತೆ ಸ್ಪ್ರಿಂಗೂ ಬಂತು. ಅದನ್ನು ಗಾಲಿಗೆ ಸಿಗಿಸಿ ಮುಗಿಸಿದರೂ ಹಣ್ಣಿನವ ಇನ್ನೂ ಮೇಲೇ ತೋರಿಸುತ್ತಿದ್ದ.

ಔರಾದದ ಸ್ವಾಗತ

ಮರುದಿನ ಹೆಂಡತಿ ಮಡಿಲಲ್ಲಿ ಮಲ್ಲಿಗೆ ಚೆಂಡು ಇಟ್ಟುಕೊಂಡು ಕೂತಳು. ಸ್ಪ್ರಿಂಗಿನ ಸುದ್ದಿ ತವರಿಗೆ ಹೇಳಿರಲಿಲ್ಲ, ಎಲ್ಲರೂ ಕಣ್ಣಾರೆ ನೋಡಲಿ ಎಂದು. ದಾರಿಯುದ್ದಕ್ಕೂ ತೊಗರಿ ಹೊಲಗಳನ್ನು ನೋಡುತ್ತ ತನ್ನಷ್ಟಕ್ಕೆ ನಗುತ್ತಿದ್ದಳು. ಅವಳನ್ನು ನೋಡುತ್ತ ನಾನು ಒಂದು ತಿರುವನ್ನೇ ಮರೆತೆ.

ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದೆ. ಕಾರು ಗಪ್ಪನೆ ನಿಂತಿತು. ನಾನೇ ಇಳಿದು ಬಾಗಿಲು ತೆರೆದೆ. ಅವಳು ಹೂ ಹಿಡಿದು, ಸೀರೆ ಸರಿಮಾಡಿಕೊಂಡು, ನಿಧಾನವಾಗಿ ಇಳಿದು ತಲೆ ಎತ್ತಿದಳು.

ಬಾಗಿಲಲ್ಲಿ ಇಡೀ ಮನೆ ನಿಂತಿತ್ತು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಕಲ್ಲು! ಅಣ್ಣನ ಕೈಯಲ್ಲಿ ಎರಡು. ಅತ್ತೆಯ ಒಂದು ಕೈಯಲ್ಲಿ ಆರತಿ ತಟ್ಟೆ, ಇನ್ನೊಂದರಲ್ಲಿ ಕಲ್ಲು.

"ಇವತ್ತರೆ ನಮ್ಮ ತಂಗಿ ಬಗ್ಗೋದು ಬ್ಯಾಡ ಅಂತ, ನಾವೇ ತಯಾರಾಗೀವಿ," ಎಂದ ಅಣ್ಣ. ಹೆಂಡತಿಗೆ ನಗುವೋ ಅಳುವೋ ತಿಳಿಯಲಿಲ್ಲ. ಎರಡನ್ನೂ ಮಾಡಿದಳು. ಅಷ್ಟು ಜನರಲ್ಲಿ ಹೂ ಹಿಡಿದವಳು ಅವಳೊಬ್ಬಳೇ.

ಅಷ್ಟರಲ್ಲಿ ನಮ್ಮ ಹಿಂದೆಯೇ ಗಂಡಿನ ಕಡೆಯವರ ಜೀಪು ಬಂತು. ಬಂದದ್ದು ದೂರದಲ್ಲೇ ನಿಂತಿತು. ಯಾರೂ ಇಳಿಯಲಿಲ್ಲ. ನಾನು ಕರೆಯಲು ಹೋದೆ. ಗಂಡಿನ ತಂದೆ ಗಾಜನ್ನು ಸ್ವಲ್ಪವೇ ಇಳಿಸಿ ಮೆಲ್ಲಗೆ ಕೇಳಿದರು: "ನಮ್ಮಿಂದ ಏನರೆ ತಪ್ಪಾಗ್ಯಾದೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅಲ್ಲಿಗೆ ಓಡಿಬಂದರು, ಕಲ್ಲು ಕೈಯಲ್ಲೇ ಇತ್ತು.

"ಅಯ್ಯ, ಹೆದರಬ್ಯಾಡ್ರಿ, ಇಳೀರಿ! ಇದು ಹಳೇ ಅಳಿಯಗ. ನಿಮ್ಮ ಹುಡುಗಗ ಇನ್ನೂ ಭಾಳ ಟೈಮ್ ಅದ!"