ಹಾರ್ಮೋನಿಯಂಗೆ ಒಂದು ಸಾಲು

ಇದರಲ್ಲಿನ ಹಳೆಯ ಪ್ರಸಂಗಗಳನ್ನು ನನಗೆ ಹೇಳಿದವರು ಲಾರೆನ್ಸ್‌ವಿಲ್‌ನ ಶಾಂತಕ್ಕ. ಸಿನಿಮಾ ತೋರಿಸುವವರು, ನೋಡುವವರು, ನೋಡಿದ್ದನ್ನು ಪತ್ರಿಕೆಗೆ ಬರೆಯುವವರು ಒಂದೇ ಕಡೆ ಸೇರಿದರೆ ಇಂಥದ್ದು ಆಗುತ್ತಲೇ ಇರುತ್ತದೆ. ಆಗ ಅವರ ಅಜ್ಜನ ಊರಿನಲ್ಲಿ ಆಯಿತು, ಈಗ ಅಮೆರಿಕದ ನಮ್ಮ ಜಾರ್ಜಿಯಾದಲ್ಲೂ ಆಯಿತು.

ಶಾಂತಕ್ಕ ಧಾರವಾಡದ ಕಡೆಯವರು. ಅವರ ಯಜಮಾನರು ಡಾಕ್ಟರ್. ನಮ್ಮ ಶನಿವಾರದ ಭಜನೆಗೆ ಹಾರ್ಮೋನಿಯಂ ಶಾಂತಕ್ಕನದೇ. ನಾನು ಹಳ್ಳಿ ಶಾಲೆಯಲ್ಲಿ ಓದಿದವನು, ದೇವರ ದಯೆಯಿಂದ ಕಂಪ್ಯೂಟರ್ ಕೆಲಸ ಸಿಕ್ಕಿ ಇಲ್ಲಿ ಸಂಸಾರ ಹೂಡಿದವನು. ಎರಡು ಸಾವಿರದ ಇಪ್ಪತ್ತರಲ್ಲಿ ಕೊರೋನಾ ಕಾಯಿಲೆಯ ಭಯಕ್ಕೆ ಭಜನೆ ನಿಂತುಹೋದಾಗ, ಸಂಜೆ ಅವರ ಮನೆ ಮುಂದೆ ಕಾರು ನಿಲ್ಲಿಸುವ ಡ್ರೈವ್‌ವೇನಲ್ಲಿ ಮಡಚುವ ಕುರ್ಚಿಗಳನ್ನು ದೂರ ದೂರ ಹಾಕಿಕೊಂಡು ಕೂರುತ್ತಿದ್ದೆವು. ರಸ್ತೆಯಲ್ಲಿ ಒಂದು ಕಾರಿನ ಸದ್ದೂ ಇಲ್ಲ. ಓಕ್ ಮರಗಳ ನೆತ್ತಿಯಿಂದ ಬಿಸಿಲು ನಿಧಾನವಾಗಿ ಜಾರುತ್ತಿತ್ತು. ಶಾಂತಕ್ಕ ಅರ್ಧ ಕಣ್ಣು ಮುಚ್ಚಿ ಅಜ್ಜನ ಕಾಲಕ್ಕೆ ಹೊರಟರೆ ನಾವೂ ಕುರ್ಚಿ ಸಮೇತ ಹಿಂದೆಯೇ ಹೋಗುತ್ತಿದ್ದೆವು.

ಅಜ್ಜ ಟೆಂಟಿನಲ್ಲಿ ಮೂಕಚಿತ್ರಗಳಿಗೆ ಹಾರ್ಮೋನಿಯಂ ನುಡಿಸುತ್ತಿದ್ದವರು. ಊರಿನಲ್ಲಿ ಒಂದು ವಾರಪತ್ರಿಕೆ ಇತ್ತು. ಕರಿ ಟೋಪಿ ಹಾಕಿಕೊಂಡು ಕೊಡೆ ಹಿಡಿದು ಬರುವ ಒಬ್ಬ ವಿಮರ್ಶಕರು ಪ್ರತಿ ಚಿತ್ರ ನೋಡಿ ಅದಕ್ಕೆ ಬರೆಯುತ್ತಿದ್ದರು. ಹಾರ್ಮೋನಿಯಂ ಬಗ್ಗೆ ಒಂದು ಸಾಲು ಬರಲಿ ಎಂದು ಅಜ್ಜ ಕಾದರು. ಕೊನೆಯ ತನಕ ಬರಲಿಲ್ಲ.

"ನಾನೂ ಒಮ್ಮೆ ಮೂಕಚಿತ್ರಕ್ಕ ನುಡಿಸಬೇಕ್ರಿ ಅಣ್ಣಾರ," ಎನ್ನುತ್ತಿದ್ದರು ಶಾಂತಕ್ಕ. "ಅಜ್ಜನ ಆ ಪೆಟಗಿ ಬಗ್ಗೆ ಒಂದ ಸಾಲು ಅಚ್ಚಾಗಿದ್ದು ನೋಡಬೇಕು. ಬ್ಯಾರೆ ಏನೂ ಆಸೆ ಉಳದಿಲ್ಲ ನನಗ."

ಕುದುರೆಯ ಪಾತ್ರ

ಒಂದು ಚಿತ್ರದಲ್ಲಿ ರಾಜಕುಮಾರ ಕುದುರೆ ಏರಿ ಕಾಡು ದಾಟುತ್ತಾನೆ. ಪರದೆಯ ಮೇಲೆ ಕುದುರೆ ಓಡುತ್ತದೆ, ಸದ್ದಿಲ್ಲ. ಅಜ್ಜನಿಗೆ ಅದು ಸರಿಕಾಣಲಿಲ್ಲ. ಎರಡು ತೆಂಗಿನ ಚಿಪ್ಪು ತಂದು, ಕುದುರೆ ಬಂದಾಗಲೆಲ್ಲ ಹಾರ್ಮೋನಿಯಂ ಬಿಟ್ಟು ಚಿಪ್ಪು ಕುಟ್ಟಿದರು. ಏರು ಹತ್ತುವಾಗ ನಿಧಾನ, ಬಯಲಿನಲ್ಲಿ ಜೋರು, ಹೊಳೆ ದಾಟುವಾಗ ಪಕ್ಕದಲ್ಲಿದ್ದ ತಂಬಿಗೆ ನೀರಿನಲ್ಲಿ ಕೈಯಾಡಿಸಿದರು. ಟೆಂಟು ಸಿಳ್ಳೆಯಿಂದ ತುಂಬಿಹೋಯಿತು.

ಆ ವಾರ ಅಜ್ಜ ಬೆಳಿಗ್ಗೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು ಪತ್ರಿಕೆ ಬಿಡಿಸಿದರು. ವಿಮರ್ಶಕರು ಬರೆದಿದ್ದರು: 'ರಾಜಕುಮಾರನ ಪಾತ್ರಧಾರಿ ಇನ್ನೂ ಪಳಗಬೇಕು. ಕುದುರೆ ಮಾತ್ರ ತನ್ನ ಕಾಲಿನ ಸಪ್ಪಳದಿಂದಲೇ ಜನಮನ ಗೆದ್ದಿತು.'

ಅಜ್ಜ ಪತ್ರಿಕೆ ಮಡಚಿ ಅಜ್ಜಿಗೆ ಹೇಳಿದರಂತೆ, "ಚಿಂತಿಲ್ಲ ಬಿಡು. ಮುಂದಿನ ಸಲ ಹುಲ್ಲು ತಿಂದು ಹೋಗ್ತೇನಿ."

ಭಗವಂತನಿಗೆ ವಿಮರ್ಶೆ

ಆ ವಿಮರ್ಶಕರು ದೈವಭಕ್ತರು. ದೇವರ ಚಿತ್ರ ಬಂದರೆ ಚಪ್ಪಲಿ ಹೊರಗೆ ಬಿಟ್ಟು ಟೆಂಟಿನೊಳಗೆ ಹೋಗುವರು. ಒಮ್ಮೆ ಒಂದು ಪುರಾಣದ ಚಿತ್ರ ಬಂತು. ದೇವರ ಪಾತ್ರ ಮಾಡಿದವನು ಬಹಳ ಕೆಟ್ಟದಾಗಿ ಮಾಡಿದ್ದ. ವರ ಕೊಡುವಾಗ ಕಿರೀಟ ಜಾರುತ್ತಿತ್ತು, ವಿಶ್ವರೂಪ ತೋರಿಸುವಾಗ ಆಕಳಿಸಿದ. ಜನ ನಕ್ಕರು. ವಿಮರ್ಶಕರು ಮಾತ್ರ ಎರಡೂ ಕೈ ಮುಗಿದು, ಕಣ್ಣು ಕೆಳಗೆ ಹಾಕಿಕೊಂಡು ಕುಳಿತಿದ್ದರು.

ಇದನ್ನು ಬರೆಯುವುದು ಹೇಗೆ? ಭಗವಂತ ಸರಿಯಾಗಿ ನಟಿಸಲಿಲ್ಲ ಎಂದರೆ ನಾಳೆ ದೇವರ ಮನೆಯಲ್ಲಿ ಮುಖ ತೋರಿಸುವುದು ಹೇಗೆ? ಎರಡು ದಿನ ಸಂಕಟಪಟ್ಟು ಕೊನೆಗೆ ಬರೆದರು: 'ಭಗವಂತನ ವಿಷಯದಲ್ಲಿ ಮಾತಾಡಲು ನಾವು ಎಷ್ಟರವರು? ಆದರೆ ರಾಕ್ಷಸನ ಪಾತ್ರಧಾರಿ, ದೇವರ ಪಾತ್ರ ಮಾಡಿದ ಆ ಮಹಾತ್ಮನನ್ನು ನೋಡಿಯಾದರೂ ಅಭಿನಯ ಕಲಿಯಬೇಕಿತ್ತು.'

ಪತ್ರಿಕೆ ಬಂದ ದಿನ ಟೆಂಟಿನ ಮಾಲೀಕ ಓಡಿಬಂದ. "ರಾಯರ, ಏನ್ ಬರದ್ರಿ ಇದು? ದೇವರೂ ಅವನ, ರಾಕ್ಷಸನೂ ಅವನ! ಕಂಪನಿಯೊಳಗ ಮಂದಿ ಕಡಿಮಿ ಇದ್ದರು."

ಇದನ್ನು ಕೇಳಿ ನಾನು, "ಅದರಲ್ಲಿ ತಪ್ಪೇನಿದೆ ಶಾಂತಕ್ಕ? ತತ್ತ್ವ ಸರಿಯಾಗಿಯೇ ಇದೆ," ಎಂದೆ.

"ನಿಮ್ಮನ್ನೂ ಆ ಪತ್ರಿಕೆಯವರು ಕೆಲಸಕ್ಕ ತಗೊತಿದ್ದರು ಬಿಡ್ರಿ," ಎಂದರು.

ಚಿತ್ರಕ್ಕೆ ಬಾಯಿ ಬಂತು

ಆಮೇಲೆ ಮಾತಾಡುವ ಚಿತ್ರ ಬಂತು. ಊರೆಲ್ಲ ಹಬ್ಬ ಮಾಡಿತು. ಆ ವಿಮರ್ಶಕರೊಬ್ಬರೇ ಕಟುವಾಗಿ ಬರೆದರು: 'ಇದು ಕಲೆಯ ನಾಶ.' ಅದನ್ನು ಓದಿ ಅಜ್ಜನ ಕಣ್ಣು ತುಂಬಿಬಂತು. ಮಾತು ಬಂದ ಮೇಲೆ ಹಾರ್ಮೋನಿಯಂ ಯಾರಿಗೆ ಬೇಕು? ಟೆಂಟಿನವರು ಕೈಮುಗಿದು ಮನೆಗೆ ಕಳಿಸಿದ್ದರು. ತನ್ನ ಪರವಾಗಿ ಮರುಗಿದ ಒಬ್ಬರಾದರೂ ಇದ್ದಾರಲ್ಲ ಎಂದು, ಒಂದು ಕಾಯಿ, ಎರಡು ಬಾಳೆಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋದರು.

"ನಮ್ಮ ಕಷ್ಟ ನಿಮಗ ತಿಳೀತು ರಾಯರ," ಎಂದರು ಅಜ್ಜ.

"ನಿಮ್ಮದು ಯಾವ ಕಷ್ಟ?" ಎಂದರಂತೆ ವಿಮರ್ಶಕರು. "ನನ್ನ ಕಷ್ಟ ಕೇಳ್ರಿ. ಮೂಕಚಿತ್ರ ಇದ್ದಾಗ ಮಂದಿ ಟೆಂಟಿನ್ಯಾಗ ಕೂತು ಮಾತಾಡತಿದ್ದರು. ಯಾರ ಮನ್ಯಾಗ ಮದುವಿ, ಯಾರ ಮನ್ಯಾಗ ಜಗಳ, ಊರ ಸುದ್ದಿ ಎಲ್ಲಾ ಅಲ್ಲೇ ಸಿಗತಿತ್ತು. ಈಗ ಚಿತ್ರ ಮಾತಾಡತದ, ಮಂದಿ ಬಾಯಿ ಮುಚ್ಚಿ ಕೂಡತಾರ. ನಾನು ಪತ್ರಿಕೆ ತುಂಬಸೂದು ಹ್ಯಾಂಗ?"

ಅಜ್ಜ ಕಾಯಿ ಅಲ್ಲಿಟ್ಟು, ಬಾಳೆಹಣ್ಣು ವಾಪಸ್ಸು ತಂದರಂತೆ.

ಅಮೆರಿಕದ ಹಿತ್ತಲು

ಹಾರ್ಮೋನಿಯಂ ಹಾಗೆ ಮನೆ ಸೇರಿ, ಮಗನ ಕೈ ದಾಟಿ, ಮೊಮ್ಮಗಳ ಜೊತೆ ಲಾರೆನ್ಸ್‌ವಿಲ್‌ಗೆ ಬಂದಿತ್ತು. ಭಯ ಕಡಿಮೆಯಾಗಿ ಜನ ಮತ್ತೆ ಸೇರತೊಡಗಿದ ಮೇಲೆ, ಒಂದು ಬೇಸಿಗೆಯಲ್ಲಿ ನಮ್ಮ ಕನ್ನಡ ಸಂಘದವರು ಶಾಂತಕ್ಕನ ಹಿತ್ತಲಿನಲ್ಲೇ ಒಂದು ಹಳೆಯ ಮೂಕಚಿತ್ರ ಇಟ್ಟುಕೊಂಡರು. ಸಂಘದ ಸಂಚಿಕೆಗೆ ವಿಮರ್ಶೆ ಬರೆಯುವ ಕೆಲಸ ನನಗೆ ಬಂತು.

"ಇದ್ದದ್ದು ಇದ್ದಂಗ ಬರೀರಿ ಮತ್ತ," ಎಂದರು ಶಾಂತಕ್ಕ. "ದಯಾದಾಕ್ಷಿಣ್ಯದ ಸಾಲು ನನಗ ಬ್ಯಾಡ."

ಬೇಲಿಯ ಹತ್ತಿರ ಎರಡು ಕಂಬ ನೆಟ್ಟು, ಒಂದು ದೊಡ್ಡ ಬಿಳಿ ಬಟ್ಟೆ ಕಟ್ಟಿದ್ದೆವು. ಕತ್ತಲಾಗುತ್ತಿದ್ದಂತೆ ಚಿತ್ರ ಶುರುವಾಯಿತು. ಬಡ ಹುಡುಗಿ, ದೋಣಿ ನಡೆಸುವ ಹುಡುಗ, ನಡುವೆ ಒಂದು ನದಿ. ಶಾಂತಕ್ಕನ ಬೆರಳು ಹಾರ್ಮೋನಿಯಂನ ಬಿಳಿ-ಕರಿ ಮನೆಗಳ ಮೇಲೆ ಹರಿಯತೊಡಗಿದಾಗ ನದಿಗೆ ನೀರು ಬಂತು. ಮಿಂಚುಹುಳುಗಳು ಬಂದು ಪರದೆಯ ಮೇಲೆ ಕುಳಿತವು. ಹುಡುಗಿಯ ಕೂದಲಲ್ಲಿ ಒಂದು, ನದಿಯ ಮೇಲೆ ನಾಲ್ಕಾರು. ಯಾವುದು ಚಿತ್ರದ ನಕ್ಷತ್ರ, ಯಾವುದು ಜಾರ್ಜಿಯಾದ ಹುಳು ಎಂದು ತಿಳಿಯದೆ ನಾನು ಯಾವುದೋ ಊರಿನ, ಯಾವುದೋ ಟೆಂಟಿನಲ್ಲಿ ಕುಳಿತಿದ್ದೆ.

ಚಿತ್ರದ ನಡುವೆ ಹುಡುಗನಿಗೂ ಹುಡುಗಿಗೂ ಮದುವೆಯಾಯಿತು. ಮದುವೆ ಕಂಡ ಕೂಡಲೇ ಶಾಂತಕ್ಕನ ಬೆರಳು ತಾನಾಗಿಯೇ ಶನಿವಾರದ ಮಂಗಳದ ಧಾಟಿಗೆ ತಿರುಗಿತು. ಭಜನೆಯಲ್ಲಿ ಮಂಗಳವಾದರೆ ನಮ್ಮವರು ಏನು ಮಾಡುತ್ತಾರೆ? ಎಲ್ಲರೂ ಎದ್ದು ನಿಂತೆವು. ಕೈಮುಗಿದೆವು. ದನಿಗೂಡಿಸಿ ಹಾಡಿದೆವು. ಮುಗಿದ ಮೇಲೆ ಕುರ್ಚಿ ಮಡಚಿ, ಮನೆಯ ಮುಂಭಾಗದ ಗ್ಯಾರೇಜಿನಲ್ಲಿ ಇಟ್ಟಿದ್ದ ಪುಳಿಯೋಗರೆಯ ಕಡೆ ನಡೆದೆವು.

ಪ್ರೊಜೆಕ್ಟರ್ ನೋಡಿಕೊಳ್ಳುತ್ತಿದ್ದ ಬೆಂಗಳೂರಿನ ಯುವಕ ಹಿಂದೆಯೇ ಓಡಿಬಂದ. "ಅಂಕಲ್! ಆಂಟಿ! ಮೂವಿ ಇನ್ನೂ ಹಾಫ್ ಇದೆ! ಈಗ ಪ್ರವಾಹ ಬರುತ್ತೆ!"

"ಬರಲಿ ಬಿಡಪ್ಪ," ಎಂದರು ತಟ್ಟೆ ಹಿಡಿದಿದ್ದ ಒಬ್ಬ ಹಿರಿಯರು. "ಮಂಗಳ ಆದಮೇಲೆ ಮತ್ತೆ ಕೂತ್ಕೋಬಾರದು."

ನಾನು ಒಬ್ಬನೇ ತಿರುಗಿ ಹೋದೆ. ಮಿಕ್ಕ ಜಾಗವೆಲ್ಲ ಖಾಲಿ. ಶಾಂತಕ್ಕ ನಿಲ್ಲಿಸಿರಲಿಲ್ಲ. ಯಾರೂ ಇಲ್ಲದ ಹುಲ್ಲಿನ ಮುಂದೆ ಪ್ರವಾಹ ನುಡಿಸಿದರು, ದೋಣಿ ಮುಳುಗಿದ್ದು ನುಡಿಸಿದರು, ಮುಳುಗಿದವನು ಬೆಳಗಿನ ಹೊತ್ತಿಗೆ ಬಾಗಿಲು ತಟ್ಟಿದ್ದು ನುಡಿಸಿದರು. ಚಿತ್ರ ಮುಗಿದ ಮೇಲೆ ಹಾರ್ಮೋನಿಯಂನ ಗಾಳಿಯ ತಿದಿ ಮುಚ್ಚಿ, ಸೆರಗಿನಿಂದ ಮುಖ ಒರೆಸಿಕೊಂಡರು.

"ಬರೀರಿ ಅಣ್ಣಾರ," ಎಂದರು. "ಮಂದಿ ಎಲ್ಲಾ ಅರ್ಧಕ್ಕ ಎದ್ದು ಊಟಕ್ಕ ಹೋದರು ಅಂತ ಬರೀರಿ. ಅದೂ ಒಂದ ಸಾಲು ಆತಲ್ಲ."

ಅಷ್ಟರಲ್ಲಿ ಪರದೆಯ ಹಿಂದಿನಿಂದ ಯಾರೋ ಮೂಗು ಸೀಟಿದ ಸದ್ದಾಯಿತು. ಬೇಲಿಯ ಆಚೆ, ತಮ್ಮ ಮನೆಯ ಮರದ ಹಲಗೆಯ ಎತ್ತರದ ಜಗಲಿಯಲ್ಲಿ, ಪಕ್ಕದ ಮನೆಯ ಅಮೆರಿಕದ ಅಜ್ಜ ಎದ್ದು ನಿಂತಿದ್ದರು. ತೆಳುವಾದ ಬಟ್ಟೆಯಲ್ಲಿ ಚಿತ್ರ ಹಿಂದಿನಿಂದಲೂ ಕಾಣುತ್ತಿತ್ತು. ಮೊದಲಿನಿಂದ ಕೊನೆಯವರೆಗೆ ಅವರೊಬ್ಬರೇ ಕೂತು ನೋಡಿದ್ದರು.

ಅವರು ಕಣ್ಣೊರೆಸಿಕೊಂಡು ತಮ್ಮ ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: "ಅಮ್ಮಾ, ನಡುನಡುವೆ ಬರುತ್ತಿದ್ದ ಬರಹವೆಲ್ಲ ನಿಮ್ಮ ಇಂಡಿಯಾದ ಭಾಷೆಯಲ್ಲಿತ್ತು. ನನಗೆ ಒಂದಕ್ಷರವೂ ತಿಳಿಯಲಿಲ್ಲ. ಆದರೆ ನಿಮ್ಮ ಪೆಟ್ಟಿಗೆ ಕಥೆಯನ್ನೆಲ್ಲ ಹೇಳಿತು. ಆ ಹುಡುಗ ಬಾಗಿಲು ತಟ್ಟಿದಾಗ ನಾನೇ ಎದ್ದು ಬಾಗಿಲು ತೆಗೆಯಲು ಹೋಗಿದ್ದೆ."

ಶಾಂತಕ್ಕ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಚಿತ್ರ ಅಮೆರಿಕದ್ದು, ಬರಹ ಅಪ್ಪಟ ಇಂಗ್ಲಿಷು. ಬಟ್ಟೆಯ ಆಚೆಯಿಂದ ಅವರು ಅದನ್ನೆಲ್ಲ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ನೋಡಿ, ಕನ್ನಡವೆಂದು ತಿಳಿದುಕೊಂಡಿದ್ದರು! ಶಾಂತಕ್ಕ ಹಾರ್ಮೋನಿಯಂ ಮೇಲೆ ಬಿದ್ದು ಬಿದ್ದು ನಕ್ಕರು. ತಿದಿಯೂ ಅವರ ಜೊತೆ ಒಂದು ಸಲ ಹ್ಞೂಂ ಎಂದಿತು.

ಮುಂದಿನ ಸಂಚಿಕೆಯಲ್ಲಿ, ಇದ್ದದ್ದನ್ನು ಇದ್ದ ಹಾಗೆ, ಒಂದೇ ಸಾಲು ಬರೆದೆ: 'ಚಿತ್ರದ ಬರಹ ಓದಲಾಗದ ಅಮೆರಿಕದವರಿಗೂ ಹಾರ್ಮೋನಿಯಂನಿಂದಲೇ ಕಥೆಯೆಲ್ಲ ತಿಳಿಯಿತು.' ಶಾಂತಕ್ಕ ಅದನ್ನು ಕತ್ತರಿಸಿ ಅಜ್ಜನ ಪಟದ ಗಾಜಿನೊಳಗೆ ಸೇರಿಸಿದ್ದಾರೆ.

ಓದಿದವರು ಇದನ್ನು ಇನ್ನೊಬ್ಬರಿಗೆ ಹೇಳಿ. ಊರು ಮರೆತರೆ ಮರೆಯಲಿ, ನನ್ನನ್ನು ಬಿಟ್ಟರೂ ಸರಿ, ಪುಳಿಯೋಗರೆಯನ್ನು ಬಿಟ್ಟರೂ ಬೇಜಾರಿಲ್ಲ. ಹಾರ್ಮೋನಿಯಂ ಒಂದನ್ನು ಬಿಡಬೇಡಿ. ಅದು ಬಹಳ ಕಾಲ ಕಾದಿದೆ.