ಬಿಸಿಲು ಕುಡಿಯುವ ಮೈಕು

ಮೈಕಿನ ಧಂದೆ ಮಾಡುವವನು ನಗುವನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಯಾವುದೋ ವೈರಿನಲ್ಲಿ ಕಾಲು ಸಿಕ್ಕಿಸಿಕೊಂಡು ಬಂದು ನಮ್ಮ ಮೇಲೆ ಬೀಳುತ್ತದೆ. ಕೊಪ್ಪಳದ ಮಗ್ಗುಲಿನ ಭಾಗ್ಯನಗರದಲ್ಲಿ ನನ್ನದೊಂದು ಸೌಂಡ್ ಸಿಸ್ಟಮ್ ಅಂಗಡಿ. ಮದುವೆ, ಭಾಷಣ, ನಾಟಕ ಎಲ್ಲಕ್ಕೂ ಹೋದವನು ನಾನು. ಆದರೆ ಬಿಸಿಲಿನಿಂದ ಮೈಕು ನಡೆಸಲು ಶುರುಮಾಡಿದ ಮೇಲೆ ಆದಷ್ಟು ಮಜಾ ಮೊದಲೆಂದೂ ಆಗಿರಲಿಲ್ಲ.

ಹೊಸ ರಾಗ

ಇದೆಲ್ಲ ಶುರುವಾದದ್ದು ಕುಷ್ಟಗಿಯಲ್ಲಿ. ಕೊಪ್ಪಳದ ಸಾಲಿಯೊಂದರಲ್ಲಿ ಸಂಗೀತ ಕಲಿಸಿ ನಿವೃತ್ತರಾದ ಒಬ್ಬ ಗಾಯಕಿ ಇದ್ದಾರೆ. ಊರಿಗೆಲ್ಲ ಅವರು ಅಕ್ಕಾವರು. ಆ ದಿನ ಬಯಲಿನಲ್ಲಿ ಅವರ ಹಾಡಿಕೆ. ಕರೆಂಟು ಹೋಯಿತು. ವೇದಿಕೆಯ ಹಿಂದೆ ಜನರೇಟರ್ ಹಚ್ಚಿದೆವು.

ಜನರೇಟರ್ ಅಂದರೆ ಗೊತ್ತಲ್ಲ, ಗುಂಯ್ ಎಂದು ಒಂದೇ ಸ್ವರ ಹಿಡಿದು ಕೂತುಬಿಡುತ್ತದೆ. ಅಕ್ಕಾವರು ಕಣ್ಣು ಮುಚ್ಚಿ ಹಾಡುತ್ತ ಹಾಡುತ್ತ, ತಮಗೇ ತಿಳಿಯದಂತೆ, ಹಾರ್ಮೋನಿಯಂನ ಶ್ರುತಿ ಬಿಟ್ಟು ಜನರೇಟರಿನ ಶ್ರುತಿಗೆ ಹೋಗಿಬಿಟ್ಟರು. ಹಾರ್ಮೋನಿಯಂನವರು ಬೆವರುತ್ತ ಯಾವ ಸ್ವರದ ಮನೆ ಒತ್ತಬೇಕೆಂದು ಹುಡುಕುತ್ತಿದ್ದರು. ಅಷ್ಟರಲ್ಲಿ ಡೀಸೆಲ್ ತೀರಿ ಗುಂಯ್ ನಿಂತಿತು. ಮಾತು ಬಿಟ್ಟ ನೆರೆಮನೆಯವರಂತೆ ಅಕ್ಕಾವರ ಸ್ವರ ಒಂದು ಕಡೆ, ಹಾರ್ಮೋನಿಯಂ ಒಂದು ಕಡೆ.

ಮುಂದಿನ ಸಾಲಿನ ಹಿರಿಯರೊಬ್ಬರು ಭಕ್ತಿಯಿಂದ ಕೇಳಿದರು: "ಅಕ್ಕಾರ, ಇದು ಯಾವ ರಾಗರಿ? ನಾ ಎಲ್ಲೂ ಕೇಳಿಲ್ಲ."

ಅಕ್ಕಾವರು ಶಾಲು ಮಡಚುತ್ತ ಹೇಳಿದರು: "ಡೀಸೆಲ್ ರಾಗರಿ."

ಹಪ್ಪಳದ ವಾರ

ಆಗ ನಕ್ಕರೇನೋ ನಿಜ, ಮರುದಿನ ಮನೆಗೆ ಹೋದಾಗ ಅಕ್ಕಾವರ ಮುಖ ಬಾಡಿತ್ತು. "ಬಯಲಾಗ ಹಾಡೂದು ಸಾಕಪಾ. ನನ್ನ ದನಿ ನನ್ನ ಮಾತ ಕೇಳವಲ್ದು. ತಪ್ಪು ಜನರೇಟರಿಂದಲ್ಲ, ನನಗ ವಯಸ್ಸಾತು" ಎಂದರು. ಬಯಲಿನಲ್ಲಿ ಅವರ ದನಿ ಕೇಳಿದವರು ಹಾಗೆ ಸುಮ್ಮನೆ ಬಿಡಲಾರರು.

ನಮ್ಮ ಓಣಿಯಲ್ಲಿ ಮನೆಗಳ ಮಾಳಿಗೆಗೆ ಸೋಲಾರ್ ಪ್ಯಾನೆಲ್ ಕೂಡಿಸುವ ಗೆಳೆಯನೊಬ್ಬನಿದ್ದಾನೆ. ಅವನಿಗೆ ಹೇಳಿದೆ. "ಅರೇ, ಬಿಸಲಿಗೇನು ಬರಗಾಲ ಐತೇನೋ ನಮ್ಮ ಕಡೆ? ಬ್ಯಾಟರಿ ತುಂಬಸೂಣು. ಅದು ಉಸರ ಸುದ್ದಾ ಬಿಡೂದಿಲ್ಲ" ಎಂದ. ಇಬ್ಬರೂ ಹೋಗಿ ಅಕ್ಕಾವರನ್ನು ಒಪ್ಪಿಸಿದೆವು. "ಗುಂಯ್ ಅಂತೋ, ಎದ್ದ ಬರತೇನಿ" ಎಂಬ ಕರಾರಿನ ಮೇಲೆ.

ಯಲಬುರ್ಗಾದ ಹತ್ತಿರದ ಒಂದು ಹಳ್ಳಿಯಲ್ಲಿ ಮೊದಲ ಪರೀಕ್ಷೆ. ಬೆಳಿಗ್ಗೆ ಮನೆಮನೆಯಿಂದ ಹೊರಸಿನ ಮಂಚ ಇಸಗೊಂಡು, ಅವುಗಳ ಮೇಲೆ ಪ್ಯಾನೆಲ್ ಮಲಗಿಸಿ ಬ್ಯಾಟರಿಗೆ ಜೋಡಿಸಿದೆವು. ಒಬ್ಬ ಅಜ್ಜಿ ಬಂದು "ಇದೇನ್ರಪಾ?" ಎಂದಳು.

"ಬಿಸಲು ಎಲ್ಲಿ ಛಲೋ ಬೀಳತೈತಿ ನೋಡಿ ಹಾಸೇವಬೇ" ಎಂದ ಗೆಳೆಯ.

ಊಟ ಮಾಡಿ ಬಂದು ನೋಡಿದರೆ ಪ್ಯಾನೆಲ್ಲೇ ಕಾಣಲಿಲ್ಲ. ಉದ್ದಕ್ಕೂ ಬೆಳ್ಳಗೆ ಶಾವಿಗೆ! ಓಣಿಯ ಹೆಂಗಸರೆಲ್ಲ ಸೇರಿ ಒಂದು ಬೆರಳು ಜಾಗ ಬಿಡದೆ ಒಣಹಾಕಿದ್ದರು. ಗೆಳೆಯ ತಲೆಯ ಮೇಲೆ ಕೈಹೊತ್ತು ಕೂತ.

ಬ್ಯಾಟರಿ ತುಂಬಿದಷ್ಟಕ್ಕೆ ಸಂಜೆ ಸಣ್ಣ ಹಾಡಿಕೆ ನಡೆಯಿತು. ಆದರೆ ಏನು ಹೇಳಲಿ! ಹಿಂದೆ ಗುಂಯ್ ಇಲ್ಲ. ಜೋಳದ ಹೊಲದ ಮೇಲಿಂದ ಬಂದ ಗಾಳಿಯೂ ಕಾಲು ಒರೆಸಿಕೊಂಡು ಒಳಗೆ ಬಂದಂತೆ ಮೆತ್ತಗೆ ಬಂತು. ಅಕ್ಕಾವರ ದನಿ ಹಾರ್ಮೋನಿಯಂ ಬಿಟ್ಟು ಅತ್ತಿತ್ತ ಹೋಗಲಿಲ್ಲ.

ಹೊರಡುವಾಗ ಆ ಅಜ್ಜಿ ಕಣ್ಣೊರೆಸಿಕೊಳ್ಳುತ್ತ ಬಂದಳು. "ಭಾಳ ಛಲೋ ಹಾಡಿದ್ರಿ ಯವ್ವಾ. ಮುಂದಿನ ವಾರ ಮತ್ತ ಬರ್ರಿ" ಎಂದು ಅಕ್ಕಾವರ ಕೈಹಿಡಿದಳು. ಅಕ್ಕಾವರ ಮುಖ ಅರಳಿತು.

ಅಜ್ಜಿ ಮುಂದುವರಿಸಿದಳು: "ಮುಂದಿನ ವಾರ ಹಪ್ಪಳ ಮಾಡಾವ್ರದೀವಿ."

ಇಳಿಜಾರು

ಮಳೆಗಾಲ ಬಂತು, ಬಿಸಿಲು ಕೈಕೊಟ್ಟಿತು. ಗೆಳೆಯ ಹೊಸದೊಂದು ಹುರುಪು ಕಟ್ಟಿಕೊಂಡ. ಸೈಕಲ್ಲುಗಳನ್ನು ಸ್ಟ್ಯಾಂಡಿಗೆ ನಿಲ್ಲಿಸಿ, ಪೆಡಲ್ ತುಳಿದರೆ ಕರೆಂಟು ಹುಟ್ಟುವಂತೆ ಮಾಡಿದ. ಗಂಗಾವತಿ ಆಚೆ ಸಿದ್ದಾಪುರದಲ್ಲಿ, ಗದ್ದೆಗಳ ನಡುವಿನ ಒಂದು ಕಣದಲ್ಲಿ ಕಾರ್ಯಕ್ರಮ. ಕೇಳುವವರೇ ತುಳಿಯಬೇಕು.

"ಬರ್ರಿ, ತುಳೀರಿ" ಎಂದು ಕೂಗಿದರೆ ಒಬ್ಬರೂ ಏಳಲಿಲ್ಲ. ಗೆಳೆಯ ಗಟ್ಟಿಯಾಗಿ "ಶುಗರಿಗೆ ಛಲೋರಿ" ಎಂದದ್ದೇ ತಡ, ಪಾಳಿ ಹತ್ತಿತು.

ಹಾಡು ಜೋರಾದಾಗ ಎಲ್ಲರೂ ಜೋರು ತುಳಿದರು. ದೀಪಗಳು ಝಗ್ಗೆಂದವು. ಆದರೆ ಅಕ್ಕಾವರು ಒಂದು ನಿಧಾನದ ಆಲಾಪ ಎತ್ತಿಕೊಂಡರು ನೋಡಿ, ಕಾಲುವೆಯ ನೀರು, ಭತ್ತದ ಹಸಿ ವಾಸನೆ, ಮೋಡದ ಕೆಳಗೆ ಸಾಲಾಗಿ ಹೋಗುವ ಬೆಳ್ಳಕ್ಕಿ, ಎಲ್ಲ ಸೇರಿ ಜನರಿಗೆ ಮಂಪರು ಹತ್ತಿತು. ಒಬ್ಬೊಬ್ಬರ ಕಾಲೂ ನಿಂತಿತು. ದೀಪ ಮಂಕಾಯಿತು, ಮೈಕು ಪಿಸುಗುಟ್ಟಿತು. ಗೆಳೆಯ ಸೈಕಲ್ಲಿಂದ ಸೈಕಲ್ಲಿಗೆ ಓಡಿ ಭುಜ ಅಲುಗಿಸುತ್ತ ಹೋದ.

ಕೊನೆಯ ಸೈಕಲ್ಲಿನಲ್ಲಿ ಒಬ್ಬ ಯಜಮಾನರು ಕಣ್ಣು ಮುಚ್ಚಿ, ಹ್ಯಾಂಡಲ್ ಹಿಡಿದು, ಮುಗುಳ್ನಗುತ್ತ ಕೂತಿದ್ದರು.

"ಯಜಮಾನ್ರ, ತುಳೀರಿ!"

ಅವರು ಕಣ್ಣು ತೆರೆಯಲಿಲ್ಲ. "ಸುಮ್ಕಿರಪಾ, ಈಗ ಇಳಿಜಾರೈತಿ."

ಸಾಣಾಪುರದ ಸಂಜೆ

ಕಡೆಗೆ ಸಾಣಾಪುರದ ಕೆರೆ ದಂಡೆಯಲ್ಲಿ ದೊಡ್ಡ ಕಾರ್ಯಕ್ರಮ. ಪೂರ್ತಿ ಬಿಸಿಲಿನ ಶಕ್ತಿಯಿಂದಲೇ ಎಂದು ಸಂಘಟಕರು ಎಲ್ಲ ಕಡೆ ಸಾರಿದ್ದರು. ಬಂಡೆಗಳ ಮೇಲೆಲ್ಲ ಜನ. ಅಕ್ಕಾವರ ಹಳೆಯ ಶಿಷ್ಯಂದಿರೂ ಬಂದಿದ್ದರು. ಆ ದಿನವೇ ಹಗಲೆಲ್ಲ ಮೋಡ. ಬ್ಯಾಟರಿ ಅರ್ಧವೂ ತುಂಬಿರಲಿಲ್ಲ. ವೇದಿಕೆ ಹತ್ತುವ ಮೊದಲು ಅಕ್ಕಾವರು ನನ್ನನ್ನು ಹತ್ತಿರ ಕರೆದರು. "ಇವತ್ತ ದನಿ ಕೈಕೊಟ್ರ ಮುಗೀತಪಾ, ತಂಬೂರಿ ಮ್ಯಾಗಿನ ಗವಸಣಗಿ ತೆಗಿಯೂದಿಲ್ಲ ಇನ್ನ" ಎಂದರು.

ಹಾಡು ಶುರುವಾಯಿತು. ಮುಳುಗುವ ಹೊತ್ತಿಗೆ ಸೂರ್ಯ ಮೋಡ ಸರಿಸಿ ಇಣುಕಿದ. ಬಂಡೆಗಳೆಲ್ಲ ಕೆಂಡದ ಬಣ್ಣ. ಅಂಬಿಗರು ದುಂಡು ತೆಪ್ಪ ತಂದು ದಂಡೆಯ ಹತ್ತಿರ ನಿಲ್ಲಿಸಿ ಕೇಳುತ್ತಿದ್ದರು. ಆಗಲೇ ನನ್ನ ಮುಂದೆ ಬ್ಯಾಟರಿಯ ಕೆಂಪು ದೀಪ ಹತ್ತಿತು.

ಹೇಳಿದರೆ ಅಕ್ಕಾವರು ನಡುವೆಯೇ ನಿಲ್ಲಿಸುತ್ತಾರೆ. ಗೆಳೆಯನ ಮುಖ ನೋಡಿದೆ. ಬೇಡ ಎಂದು ತಲೆಯಾಡಿಸಿದ. ನಾನು ಹಿಂದಿನ ಸ್ಪೀಕರ್ ಬಂದ್ ಮಾಡಿದೆ. ಹಿಂದಿನವರು ಸದ್ದಿಲ್ಲದೆ ಮುಂದೆ ಬಂದು ಕೂತರು. ಪಕ್ಕದ್ದನ್ನು ಬಂದ್ ಮಾಡಿದೆ. ಅವರೂ ಸರಿದರು. ಆಮೇಲೆ ಕೆಂಪು ದೀಪವೂ ಆರಿತು. ಯಾರೂ ಏಳಲಿಲ್ಲ. ಅಕ್ಕಾವರ ಸುತ್ತ ಒತ್ತಾಗಿ ಕೂತರು. ಕತ್ತಲು ಇಳಿಯುವ ಕೆರೆಯ ಮೇಲೆ ಒಂದು ದನಿ ಮಾತ್ರ ತೇಲುತ್ತಿತ್ತು. ಸತ್ತ ಮಿಕ್ಸರಿನ ಮೇಲೆ ಕೈಯಿಟ್ಟು ಕೂತ ನನಗೆ ನಾನೂ ತೆಪ್ಪದಲ್ಲಿ ತಿರುಗುತ್ತಿದ್ದೇನೆ ಅನ್ನಿಸಿತು.

ಹಾಡು ಮುಗಿದು ಅಕ್ಕಾವರು ಕಣ್ಣು ತೆರೆದು ಬೆಚ್ಚಿದರು. "ಇದೇನು, ಎಲ್ಲಾರೂ ನನ್ನ ಉಡ್ಯಾಗ ಬಂದು ಕುಂತೀರಲ್ಲ!"

ನಾನು ವಿಷಯ ಹೇಳಿದೆ. ಅವರು ಮೈಕನ್ನು ಬೆರಳಿನಿಂದ ಬಡಿದು ನೋಡಿದರು. ಸದ್ದಿಲ್ಲ. "ಹಂಗಾರ ಇಷ್ಟೊತ್ತು ಕೇಳಿದ್ದು ನನ್ನ ದನೀನ ಏನು?" ಎಂದು ಕಣ್ಣು ತುಂಬಿಕೊಂಡು ನಕ್ಕರು.

ನಾನು ವೈರು ಸುತ್ತುತ್ತಿದ್ದೆ. ಗಂಗಾವತಿಯ ಒಬ್ಬ ಬಟ್ಟೆ ವ್ಯಾಪಾರಿ ಜನರನ್ನು ಸರಿಸಿಕೊಂಡು ಬಂದರು. "ಈ ಸೌಂಡ್ ನಿಮ್ದ ಏನ್ರಿ? ಏನ್ ಕ್ಲಿಯರ್ರಿ! ಕಿವಿಗೆ ತುಪ್ಪ ಹೊಯ್ದಂಗಾತು. ನಮ್ಮ ಮಗಳ ಮದುವಿಗೆ ಇದ ಸೆಟ್ ಬೇಕ್ರಿ, ಬ್ಯಾರೇದು ಬ್ಯಾಡ."

ಮುಚ್ಚಿಡಲು ಮನಸ್ಸಾಗಲಿಲ್ಲ. "ಸಾಹೇಬ್ರ, ಸೆಟ್ ಆಗಲೇ ಬಂದ್ ಆಗಿತ್ತರಿ" ಎಂದೆ.

ಅವರು ನನ್ನ ಭುಜದ ಮೇಲೆ ಕೈಯಿಟ್ಟು ಹೇಳಿದರು:

"ಮದುವಿಗೂ ಹಂಗ ಬಂದ್ ಮಾಡೇ ತರ್ರಿ."